ನೆಲ ಹಿಡಿದ ಕುರಿಗಳು

ಬೂಟಿನ ದಾರ ಕಟ್ಟಲು ಬಗ್ಗಿದಾಗ ಎಕ್ಕಿ ರೆನ್ನಿಗೆ ತಾನು ಇವತ್ತು ಗುಡ್ಡದ ಮೇಲೆ ಆಡಬೇಕಾದ ಮಾತನ್ನು ಇನ್ನೊಮ್ಮೆ ಹೇಳಿಕೊಂಡು ನೋಡಬೇಕೆನ್ನಿಸಿತು. 'ಹಿಡಿಯುತ್ತವೆ. ಇನ್ನೆರಡು ಮೂರು ವರ್ಷ ಕೊಡಿ, ನೆಲ ಹಿಡಿಯುತ್ತವೆ.' ಅಷ್ಟೇ. ಅಡುಗೆಮನೆಯಲ್ಲಿ ಕೇಳುವವರು ಯಾರೂ ಇಲ್ಲದಿದ್ದರಿಂದ ಗಟ್ಟಿಯಾಗಿಯೇ ಹೇಳಿದ. ದನಿ ಹೊಸ ಗೋಡೆಗಳಿಗೆ ಬಡಿದು ತೆಳ್ಳಗಾಗಿ ವಾಪಸು ಬಂತು. ಊರೊಳಗಿನ ಈ ಪುಟ್ಟ ಮನೆಗೆ ಬಂದಾಗಿನಿಂದ ಅವನ ದನಿ ಹೀಗೇ. ಹೊಲಮನೆಯಲ್ಲಿದ್ದಾಗ ಅವನು ಒಂದು ಮಾತೆಂದರೆ ಅಂಗಳದಾಚೆಯ ನಾಯಿ ಎದ್ದು ನಿಲ್ಲುತ್ತಿತ್ತು. ಇಲ್ಲಿ ಪಕ್ಕದ ಮನೆಯ ಮುದುಕಿ ಟೀವಿಯ ಸದ್ದು ಏರಿಸುತ್ತಾಳೆ. ಇಶ್‌ಬೆಲ್ ಮೊನ್ನೆ ಫೋನಿನಲ್ಲಿ ಹೇಳಿದ್ದಳು: 'ಎಸ್ಟೇಟಿನ ಪಾರುಪತ್ತೇಗಾರ ಬರ್ತಾನೆ ದೊಡ್ಡಪ್ಪ. ಗುಡ್ಡದಿಂದ ಕುರಿ ಇಳಿಸೋ ದಿನಾನೇ ಬರ್ತೀನಿ ಅಂದಿದಾನೆ. ಕುರಿ ನೆಲ ಹಿಡಿದು ಗುಡ್ಡದಲ್ಲೇ ನಿಲ್ತವೋ ಇಲ್ವೋ ಕಣ್ಣಾರೆ ನೋಡ್ತಾನಂತೆ. ಹಿಡಿದಿಲ್ಲ ಅಂದ್ರೆ ಗುಡ್ಡಕ್ಕೆಲ್ಲ ಸ್ಪ್ರೂಸ್ ಮರದ ಸಸಿ. ಗುಡ್ಡ ಹೋದ್ರೆ ಕೆಳಗಿನ ಆ ನಾಕು ಹೊಲ ಇಟ್ಕೊಂಡು ನಾನೇನು ಟರ್ನಿಪ್ ಜೊತೆ ಮಾತಾಡ್ಲಾ? ನೀನು ಬಂದು ಒಂದು ಮಾತು ಹೇಳು. ನಿನ್ನ ಮಾತು ಅಂದ್ರೆ ಎಸ್ಟೇಟಿನವರಿಗೆ ನಂಬಿಕೆ.' ಕೊನೆಯ ವಾಕ್ಯವನ್ನು ಅವಳು ಬೆಣ್ಣೆ ಹಚ್ಚಲು ಹೇಳಿರಲಿಲ್ಲ. ನಿಜವೆಂದೇ ನಂಬಿದ್ದಳು. ನಿಜವೂ ಆಗಿತ್ತು. ಅದೇ ಅವನನ್ನು ಮೂರು ದಿನದಿಂದ ಕುಳಿತಲ್ಲಿ ಕೂರಲು ಬಿಟ್ಟಿರಲಿಲ್ಲ.

ಹೊರಗೆ ಹಾರ್ನು ಕೇಳಿತು. ಪಕ್ಕದ ಹೊಲಮನೆಯ ಬೋಗ್‌ಸೈಡ್ ತನ್ನ ಪಿಕಪ್ಪಿನ ಕಿಟಕಿಯಿಂದ ಅರ್ಧ ದೇಹ ಹೊರಹಾಕಿದ್ದ. ಹಿಂದೆ ಎರಡು ನಾಯಿ, ಮುಂದಿನ ಸೀಟಿನ ಮೇಲೆ ಅರ್ಧ ತಿಂದ ಬಟರಿ ಬನ್ನು.

'ಏನೋ ಪಿಟ್‌ಮೋರಿ, ಬೂಟಿಗೆ ಪಾಲಿಶ್ ಬೇರೆ ಹೊಡ್ದಿದೀಯಲ್ಲೋ! ಕುರಿ ಇಳ್ಸೋಕೆ ಹೊರಟಿದೀಯೋ, ಹೆಣ್ಣು ನೋಡೋಕೋ?'

'ನಿನ್ನ ನಾಯಿಗಳಿಗೆ ಕುರಿ ನೋಡಿ ಅಭ್ಯಾಸ ಇದೆಯೋ ಇಲ್ವೋ ಅದು ಹೇಳು.'

'ಅವಕ್ಕೆ ಅಭ್ಯಾಸ ತಪ್ಪಿಲ್ಲಪ್ಪ. ನಿನ್ನ ತಮ್ಮನ ಮಗಳ ಕುರಿ ವಾರಕ್ಕೆರಡು ಸಲ ನನ್ನ ಹುಲ್ಲು ಮೇಯೋಕೆ ಬರ್ತವೆ. ನನಗಿಂತ ಅವಕ್ಕೇ ನನ್ನ ಹೊಲ ಚೆನ್ನಾಗಿ ಗೊತ್ತು.'

ಬೋಗ್‌ಸೈಡ್ ನಕ್ಕ. ಎಕ್ಕಿಯೂ ನಕ್ಕ. ನಗುತ್ತಿರುವಾಗಲೇ ಅವನಿಗೆ ಎರಡು ಸಂತೋಷಗಳಾದವು, ಎರಡೂ ನಾಚಿಕೆಗೇಡಿನವು. ಒಂದು, ಇಶ್‌ಬೆಲ್‌ಳ ಕುರಿಗಳು ಗುಡ್ಡದಲ್ಲಿ ನಿಲ್ಲುತ್ತಿಲ್ಲ ಎಂಬುದು. ಇನ್ನೊಂದು, ಬೋಗ್‌ಸೈಡ್ ಇನ್ನೂ ತನ್ನನ್ನು ಪಿಟ್‌ಮೋರಿ ಎಂದೇ ಕರೆಯುತ್ತಾನೆ ಎಂಬುದು. ಈ ಕಡೆ ರೈತನಿಗೆ ಅವನ ಹೊಲಮನೆಯ ಹೆಸರೇ ಹೆಸರು. ಬೋಗ್‌ಸೈಡಿಗೆ ಅವನಪ್ಪ ಇಟ್ಟ ಹೆಸರು ಏನೋ ಇದೆ, ಅದು ಚರ್ಚಿನ ಪುಸ್ತಕದಲ್ಲೂ ಅವನ ಹೆಂಡತಿ ಸಿಟ್ಟಾದಾಗಲೂ ಮಾತ್ರ ಬಳಕೆಗೆ ಬರುತ್ತದೆ. ಎಕ್ಕಿ ನಲವತ್ತು ವರ್ಷ ಪಿಟ್‌ಮೋರಿಯಾಗಿದ್ದ. ಅದಕ್ಕೆ ಮೊದಲು ಅವನಪ್ಪ ಪಿಟ್‌ಮೋರಿಯಾಗಿದ್ದ. ಅದೇ ಮನೆಯಲ್ಲಿ ಹುಟ್ಟಿ, ಅದೇ ಗುಡ್ಡದಲ್ಲಿ ಅವನಷ್ಟೇ ಕಾಲ ಕುರಿ ಕಾಯ್ದ ತಮ್ಮ ಮಾತ್ರ ಸಾಯುವವರೆಗೂ ಬರೀ ವಾಟಿ. ಗೇಣಿ ಕಾಗದದಲ್ಲಿ ಒಂದೇ ಹೆಸರಿಗೆ ಜಾಗವಿತ್ತು. ಈಗ ಆ ಜಾಗದಲ್ಲಿ ಇಶ್‌ಬೆಲ್ ಇದ್ದಾಳೆ, ಆದರೆ ಜನ ಅವಳನ್ನು ವಾಟಿಯ ಮಗಳು ಅನ್ನುತ್ತಾರೆ, ಇಲ್ಲವೇ ಹುಡುಗಿ ಅನ್ನುತ್ತಾರೆ. ಹುಡುಗಿಗೆ ನಲವತ್ತರ ಹತ್ತಿರ.

ಪಿಟ್‌ಮೋರಿಯ ಅಂಗಳದ ಗೇಟಿನ ಬಳಿ ಎಕ್ಕಿ ಇಳಿದು ಅಗುಳಿ ಎತ್ತಲು ಕೈ ಹಾಕಿದ. ಅಗುಳಿ ಇರಲಿಲ್ಲ. ಕೈ ತಡಕಾಡಿತು. ಇಶ್‌ಬೆಲ್ ಹೊಸ ಗೇಟು ಹಾಕಿಸಿದ್ದಳು, ಅದು ಇನ್ನೊಂದು ಮಗ್ಗುಲಿಗೆ ತೆರೆಯುತ್ತಿತ್ತು. ಪಿಕಪ್ಪಿನೊಳಗಿಂದ ಬೋಗ್‌ಸೈಡ್, 'ತಳ್ಳಪ್ಪ, ಎಳೀಬೇಡ!' ಎಂದು ಕೂಗಿದ. ಒಳಗೆ ನಿಂತಿದ್ದ ನಾಲ್ಕಾರು ಜನ ತಿರುಗಿ ನೋಡಿದರು. ತನ್ನ ಮನೆಯ ಗೇಟು ತೆಗೆಯಲು ಬಾರದೆ ನಿಂತವನನ್ನು ಅವರು ಮರ್ಯಾದೆಯಿಂದ ನೋಡಿದರು, ಕಾಯಿಲೆಯವರನ್ನು ನೋಡುವ ಹಾಗೆ. ಇಶ್‌ಬೆಲ್ ಓಡಿ ಬಂದು ತೆಗೆದಳು. ಅಪ್ಪನ ಹಾಗೆಯೇ ಗಿಡ್ಡ ಕತ್ತು, ಅಪ್ಪನ ಹಾಗೆಯೇ ಮಾತಾಡುವ ಮೊದಲು ಮೂಗು ಒರೆಸಿಕೊಳ್ಳುವ ಚಾಳಿ.

'ಬಂದ್ಯಲ್ಲ, ಸಾಕು. ಸೊಂಟ ಹ್ಯಾಗಿದೆ?'

'ಇದ್ದಲ್ಲೇ ಇದೆ.'

'ಹಾಗಾದ್ರೆ ನೀನು ಕುರಿ ಅಟ್ಟೋ ಸಾಲಲ್ಲಿ ನಡೀಬೇಡ. ಕುರಿದಾರಿ ಹಿಡಿದು ನೆಟ್ಟಗೆ ಕೋಟೆಬಾಗಿಲಿಗೆ ಹೋಗ್ಬಿಡು. ಅಲ್ಲಿ ನಿಂತಿದ್ರೆ ಸಾಕು. ಕುರಿ ಒಳಗೆ ನುಗ್ಗಿದ್ರೆ ಒಂದು ಕೂಗು ಹಾಕು. ಪಾರುಪತ್ತೇಗಾರ ಫಾರ್ಕರ್‌ನೂ ಅಲ್ಲಿಗೇ ಬಾ ಅಂದಿದೀನಿ.'

ಗುಡ್ಡದ ನೆತ್ತಿಯ ಹಾಳು ಕೋಟೆಯ ಬಾಗಿಲಲ್ಲಿ ನಿಲ್ಲುವುದು ಚಿಕ್ಕ ಮಕ್ಕಳಿಗೂ ಕೈಲಾಗದವರಿಗೂ ಕೊಡುವ ಕೆಲಸ. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವವನು ಪಿಟ್‌ಮೋರಿ. ಅವನ ಅಪ್ಪ ಈ ಅಂಗಳದ ಮಧ್ಯೆ ನಿಂತು ಕೋಲಿನಿಂದ ತೋರಿಸುತ್ತಿದ್ದ: ನೀನು ಹಳ್ಳದ ಕಡೆ, ನೀನು ಗುಡ್ಡದ ಹೆಗಲ ಮೇಲೆ, ನೀನು ನೆತ್ತಿಗೆ. ಎಕ್ಕಿಯೂ ತೋರಿಸಿದ್ದ. ವಾಟಿಗೆ ಯಾವಾಗಲೂ ಅತ್ಯಂತ ದೂರದ ಸುತ್ತು, ಮಳೆಗಾಳಿಯ ಮಗ್ಗುಲು. ವಾಟಿ ಯಾಕೆ ಎಂದು ಕೇಳಿದವನಲ್ಲ, ಮೂಗು ಒರೆಸಿಕೊಂಡು ನಾಯಿಯನ್ನು ಕರೆದು ಹೊರಡುತ್ತಿದ್ದ. ಎಕ್ಕಿ ಈಗ ಕುರಿದಾರಿಯಲ್ಲಿ ಹತ್ತುತ್ತ, ಹೆಜ್ಜೆಗೊಮ್ಮೆ ಸೊಂಟದಲ್ಲಿ ಏನೋ ಸಿಕ್ಕಿಬಿದ್ದು ಬಿಡಿಸಿಕೊಂಡಂತಾಗುವುದನ್ನು ಸಹಿಸುತ್ತ, ಹಿಡಿಯುತ್ತವೆ, ಹಿಡಿಯುತ್ತವೆ ಎಂದು ಉಸಿರಿನ ಲಯಕ್ಕೆ ಸೇರಿಸಿಕೊಂಡ. ಅದು ಸುಳ್ಳಾಗಿದ್ದರೆ? ಬೋಗ್‌ಸೈಡಿನ ಹುಲ್ಲು ಮೇಯುವ ಕುರಿ ನೆಲ ಹಿಡಿದ ಕುರಿಯಲ್ಲ. ಬೇಲಿಯಿಲ್ಲದ ಗುಡ್ಡದಲ್ಲಿ ಕುರಿಯನ್ನು ನಿಲ್ಲಿಸುವುದು ಅದರ ತಾಯಿ. ತಾಯಿ ಮೇಯ್ದಲ್ಲಿ ಮಗಳು ಮೇಯುತ್ತದೆ, ತಾಯಿ ತಿರುಗಿದ ಹಳ್ಳದ ದಂಡೆಯಿಂದ ಮಗಳೂ ತಿರುಗುತ್ತದೆ, ಹಿಮ ಬೀಳುವ ಮೊದಲು ತಾಯಿ ಯಾವ ಗೋಡೆಯ ಮರೆಗೆ ಬಂತೋ ಅಲ್ಲಿಗೆ ಮಗಳೂ ತನ್ನ ಮರಿಯನ್ನು ಕರೆದುಕೊಂಡು ಬರುತ್ತದೆ. ಡನ್‌ವರಿ ಎಂಬ ಈ ಗುಡ್ಡದ ಮಂದೆಗೆ ಈ ಪಾಠ ಯಾರ ಕಾಲದಿಂದ ಬಂದಿತ್ತೋ ಯಾರಿಗೂ ತಿಳಿಯದು. ಮಂದೆ ಒಮ್ಮೆ ಹೋದರೆ ಪಾಠವೂ ಹೋಯಿತು. ಸಂತೆಯಿಂದ ಕುರಿ ತರಬಹುದು, ಗುಡ್ಡವನ್ನು ಕಲಿತ ಕುರಿ ತರಲಾಗುವುದಿಲ್ಲ. ಆದ್ದರಿಂದಲೇ ಗೇಣಿದಾರ ಬದಲಾದರೂ ಮಂದೆ ಗುಡ್ಡದಲ್ಲೇ ಉಳಿಯಬೇಕು, ಹೋಗುವವನು ಬರುವವನಿಗೆ ಬಿಟ್ಟು ಹೋಗಬೇಕು. ಇದು ಇಲ್ಲಿನ ಪದ್ಧತಿ. ಎಕ್ಕಿ ಮಂದೆಯನ್ನು ಮಾರಿದ್ದ.

ಮುಂದಿನ ಗೇಣಿದಾರ ಯಾರೆಂದೇ ತೀರ್ಮಾನವಾಗಿಲ್ಲ, ಯಾರಿಗೆ ಬಿಡಲಿ ಎಂದು, ಕೇಳಿದವರಿಗೆಲ್ಲ ಹೇಳಿದ್ದ. ಲಾರಿಗಳು ಬಂದ ಬೆಳಿಗ್ಗೆ ವಾಟಿ ಒಂದೊಂದೇ ಕುರಿಯನ್ನು ಹತ್ತಿಸಿದ. ಎಸ್ಟೇಟಿನವರ ಅಪ್ಪಣೆ ಎಂದು ಎಕ್ಕಿ ಅವನಿಗೆ ಹೇಳಿದ್ದ. ಕೊನೆಯ ಲಾರಿಯ ಹಲಗೆ ಏರಿಸಿದ ಮೇಲೆ ವಾಟಿ ಅಂಗಳದಲ್ಲಿ ನಿಂತು ಗುಡ್ಡದ ಕಡೆ ನೋಡಿ, 'ಎಷ್ಟು ದೊಡ್ಡದಾಗಿ ಕಾಣ್ತಿದೆಯಲ್ಲ' ಎಂದಿದ್ದ. ಅಷ್ಟೇ ಹೇಳಿದ್ದು. ಮುಂದಿನ ಚಳಿಗಾಲದಲ್ಲಿ ಎದೆಯಲ್ಲಿ ನೀರು ತುಂಬಿಕೊಂಡು ಸತ್ತ.

ಕೋಟೆಯ ಹೊರಗೋಡೆಯ ಹತ್ತಿರ ಬಂದಾಗ ಗಾಳಿ ಒಮ್ಮೆಗೇ ಸಿಕ್ಕಿತು. ಗೋಡೆ ಎನ್ನಲು ಈಗ ಅದು ಕಲ್ಲಿನ ಒಂದು ಉದ್ದ ರಾಶಿ, ಗುಡ್ಡದ ನೆತ್ತಿಗೆ ಸುತ್ತಿದ ಸಿಂಬಿಯ ಹಾಗೆ. ಬಾಗಿಲೆಂದರೆ ಆ ರಾಶಿಯಲ್ಲೊಂದು ಸಂದು. ಒಳಗೆ ಹುಲ್ಲು ಹೊರಗಿನದಕ್ಕಿಂತ ಹಸಿರು, ಯಾವ ಕಾಲದ ಜನರ, ದನಗಳ ಗೊಬ್ಬರವೋ ಇನ್ನೂ ಕೆಲಸ ಮಾಡುತ್ತಿರುವಂತೆ. ಎಕ್ಕಿ ಸಂದಿನ ಪಕ್ಕದ ಕಲ್ಲಿಗೆ ಬೆನ್ನು ಕೊಟ್ಟು ಕುಳಿತ. ಕಲ್ಲು ಕಲ್ಲಿಗೆ ಅಂಟಿತ್ತು. ಇಲ್ಲಿನ ಕಲ್ಲುಗಳು ಯಾವುದೋ ಬೆಂಕಿಗೆ ಕರಗಿ, ಬೆಲ್ಲದ ಪಾಕದ ಹಾಗೆ ಇಳಿದು, ಗುಳ್ಳೆಯೆದ್ದು ಗಾಜಾಗಿ ನಿಂತಿವೆ. ವಿಶ್ವವಿದ್ಯಾಲಯದವರು ಒಂದು ಬೇಸಿಗೆ ಬಂದು ಅವನ ಹುಲ್ಲುಮನೆಯಲ್ಲಿ ಮಲಗಿ ಇಲ್ಲಿ ಅಗೆದಿದ್ದರು. ಸಾವಿರ ವರ್ಷಕ್ಕೂ ಹಿಂದೆ ಇಲ್ಲಿದ್ದ ಪಿಕ್ಟ್ ಜನರ ಕೋಟೆ ಎಂದರು. ಅವರ ಭಾಷೆ ಹೋಯಿತು, ಕಥೆ ಹೋಯಿತು, ದೊರೆಗಳ ಹೆಸರು ನಾಲ್ಕಾರು ಉಳಿದವು. ನಿಮ್ಮ ಪಿಟ್‌ಮೋರಿಯ ಪಿಟ್ ಇದೆಯಲ್ಲ, ಅದು ಅವರ ಮಾತು, ತುಂಡು ಭೂಮಿ ಅಂತ ಅರ್ಥ ಎಂದಳು ಮೂಗು ಬಿಸಿಲಿಗೆ ಸುಲಿದುಹೋದ ಒಬ್ಬ ಹುಡುಗಿ. ವಾಟಿ ಕರಗಿದ ಕಲ್ಲನ್ನು ಉಗುರಿನಿಂದ ಕೆರೆದು ನೋಡಿ, ಇದನ್ನು ಯಾರು ಸುಟ್ಟಿದ್ದು ಎಂದು ಕೇಳಿದ. ಖಂಡಿತವಾಗಿ ಗೊತ್ತಿಲ್ಲ, ಗೆದ್ದು ಬಂದವರು ಸುಟ್ಟಿರಬಹುದು, ಇಲ್ಲವೇ ಬಿಟ್ಟು ಹೋಗುವವರೇ ಸುಟ್ಟು ಹೋಗಿರಬಹುದು ಎಂದಳು ಹುಡುಗಿ. ದಿನಗಟ್ಟಲೆ ಸೌದೆ ಒಟ್ಟಿ ಉರಿಸಬೇಕಂತೆ, ಜಗಳದ ನಡುವೆ ಅವಸರದಲ್ಲಿ ಮಾಡುವ ಕೆಲಸವಲ್ಲವಂತೆ. ವಾಟಿ ಬಿದ್ದು ಬಿದ್ದು ನಕ್ಕ. 'ತಮ್ಮ ಮನೇನ ತಾವೇ ಯಾರಾದ್ರೂ ಸುಡ್ತಾರೇನಮ್ಮ?' ಎಕ್ಕಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಈಗಲೂ ಕಾಣಲಿಲ್ಲ.

ಕೆಳಗೆ ಸಾಲು ಹೊರಟಿತ್ತು. ಜನ ಚುಕ್ಕೆಗಳಾಗಿ ಹೆದರ್ ಪೊದೆಗಳ ನಡುವೆ ಹರಡಿಕೊಂಡಿದ್ದರು. ಇಶ್‌ಬೆಲ್ ಮಳೆಗಾಳಿಯ ಮಗ್ಗುಲಿನ ದೂರದ ಸುತ್ತನ್ನು ತಾನೇ ಇಟ್ಟುಕೊಂಡಿದ್ದಳು. ಅವಳ ಸಿಳ್ಳು ಗಾಳಿಯಲ್ಲಿ ತುಂಡುತುಂಡಾಗಿ ಬರುತ್ತಿತ್ತು. ಕೊಯ್ದ ಬಾರ್ಲಿ ಹೊಲಗಳು, ಅದರಾಚೆ ಊರಿನ ಚರ್ಚಿನ ಮೊನೆ, ಇನ್ನೂ ಆಚೆ ಸಮುದ್ರವೋ ಮೋಡವೋ ತಿಳಿಯದ ಒಂದು ಬೂದು ಗೆರೆ. ಎಕ್ಕಿಯ ಕಣ್ಣು ಇದಾವುದನ್ನೂ ನೋಡದೆ ಪಡುವಣ ಹಳ್ಳದ ಮೇಲಿತ್ತು. ಅಲ್ಲಿಗೆ ಪಿಟ್‌ಮೋರಿಯ ಗುಡ್ಡ ಮುಗಿದು ಬೋಗ್‌ಸೈಡಿನದು ಶುರುವಾಗುತ್ತದೆ. ಗೋಡೆಯಿಲ್ಲ, ಕಂಬವಿಲ್ಲ. ಹಳ್ಳವನ್ನು ಒಂದು ಮಗು ದಾಟಬಹುದು. ನಾಯಿ ಸುತ್ತಿ ಬಂದ ಕೂಡಲೇ ಕುರಿಗಳ ಒಂದು ದೊಡ್ಡ ಗುಂಪು ನೇರ ಆ ಕಡೆಗೆ ಓಡಿತು. ಮುಂದಿನ ಕುರಿ ಹಾರಿತು. ಅದರ ಹಿಂದೆ ಎಲ್ಲ ಹಾರಿದವು. ಸಂತೆಯ ಕುರಿಗಳು. ಅವಕ್ಕೆ ಈ ಹಳ್ಳ ಬರೀ ನೀರು. ಎಕ್ಕಿಯ ಎದೆಯಲ್ಲಿ ಏನೋ ಹಗುರಾಯಿತು, ಇನ್ನು ತಾನು ಸುಳ್ಳು ಹೇಳಬೇಕಾಗಿಲ್ಲ, ಕುರಿಗಳೇ ಹೇಳಿಯಾಯಿತು ಎಂಬಂತೆ. ಆಗ ಅವನು ಇನ್ನೊಂದನ್ನು ಕಂಡ. ಗುಂಪಿನ ಹಿಂದಿದ್ದ ಹೆಣ್ಣುಮರಿಗಳು, ಕಳೆದ ವಸಂತದವು ಮತ್ತು ಈ ವಸಂತದವು, ಗುಡ್ಡದಲ್ಲೇ ಹುಟ್ಟಿದವು, ಹಳ್ಳದ ದಂಡೆಗೆ ಬಂದು ನಿಂತವು. ಅಲ್ಲಿ ನಾಯಿ ಇರಲಿಲ್ಲ, ಮನುಷ್ಯರಿರಲಿಲ್ಲ. ತಾಯಂದಿರು ಆಚೆಯಿಂದ ಕೂಗುತ್ತಿದ್ದವು. ಮರಿಗಳು ನೀರಿನ ಉದ್ದಕ್ಕೂ ಒಂದಿಷ್ಟು ದೂರ ನಡೆದು, ತಲೆಯೆತ್ತಿ, ಹಿಂದಿರುಗಿ ಗುಡ್ಡದ ಕಡೆಗೆ ಬಂದವು.

ಎಕ್ಕಿ ಸೊಂಟದ ನೋವು ಮರೆತು ಎದ್ದು ನಿಂತಿದ್ದ. ಹಾಗಾದರೆ ಇಶ್‌ಬೆಲ್ ಎರಡು ವರ್ಷ, ಬೆಳಗಾದರೆ ಮೇಲಕ್ಕೆ ಅಟ್ಟಿ ಸಂಜೆಯಾದರೆ ಹಳ್ಳದಿಂದ ತಿರುಗಿಸಿ, ಒಬ್ಬಳೇ ತಾಯಿಕುರಿಯ ಕೆಲಸ ಮಾಡಿದ್ದಾಳೆ. ದೊಡ್ಡವು ಕಲಿಯಲಿಲ್ಲ, ಮರಿಗಳು ಕಲಿತಿವೆ. ಇನ್ನೆರಡು ಮೂರು ವರ್ಷ, ಈ ಮರಿಗಳು ಮರಿ ಹಾಕಬೇಕು, ಅಷ್ಟೇ. ಅಡುಗೆಮನೆಯ ಗೋಡೆಗೆ ಹೇಳಿದ ಮಾತು ನಿಜವಾಗಿತ್ತು. ನಿಜವನ್ನು ಹೇಳುವುದು ಸುಳ್ಳು ಹೇಳುವುದಕ್ಕಿಂತ ಸುಲಭವಾಗಿರಬೇಕಲ್ಲವೇ ಎಂದುಕೊಂಡ.

'ಒಳ್ಳೆ ಜಾಗ ಹಿಡಿದಿದೀರಿ, ಮಿಸ್ಟರ್ ರೆನ್ನಿ.' ಫಾರ್ಕರ್ ಹಿಂದಿನಿಂದ, ಗೋಡೆಯ ರಾಶಿ ಹತ್ತಿ ಬಂದ. ಎಡಿನ್‌ಬರೊ ಕಡೆಯ ಹುಡುಗ, ಹೊಸ ಕೋಟು, ಕೈಯಲ್ಲಿ ಫೋನು. ಪಾರುಪತ್ತೇಗಾರನೆಂದರೆ ಮೊದಲೆಲ್ಲ ಕುದುರೆಯ ಬೆವರಿನ ವಾಸನೆ ಬರುತ್ತಿತ್ತು, ಇವನಿಗೆ ಸೋಪಿನದು. ಆದರೂ ಕೆಟ್ಟವನಲ್ಲ. ಎಕ್ಕಿ ಗೇಣಿ ಬಿಟ್ಟ ದಿನವೂ ಕೆಟ್ಟವನಾಗಿರಲಿಲ್ಲ. ಎಸ್ಟೇಟಿನ ಆಫೀಸಿನಲ್ಲಿ ಅವನೇ ಎದ್ದು ಚಹಾ ತಂದುಕೊಟ್ಟಿದ್ದ, ತಟ್ಟೆಯ ತುಂಬ ಬಿಸ್ಕತ್ತು. ಎಕ್ಕಿ ಗೇಣಿ ಬಿಡುವ ಕಾಗದಕ್ಕೆ ಸಹಿ ಹಾಕಿ ಬಿಸ್ಕತ್ತು ಅದ್ದುತ್ತಿದ್ದ. ಹೊರಗೆ ವಾಟಿ ಪಿಕಪ್ಪಿನಲ್ಲಿ ಕಾಯುತ್ತಿದ್ದ. ಒಳಗೆ ಬರಲು ನಾಚಿಕೆ ಅವನಿಗೆ, ಮಗಳ ಮಾತನ್ನು ಅಣ್ಣನೇ ಆಡಲಿ ಎಂದು. 'ನಿಮ್ಮ ತಮ್ಮನ ಮಗಳು ಗೇಣಿ ಕೇಳಿದಾರೆ. ನೀವೇನಂತೀರಿ?' ಕೊಡಿ ಎಂದು ಹೇಳಲೆಂದೇ ಎಕ್ಕಿ ಬಂದಿದ್ದ. ಬಾಯಿಯ ಬಿಸ್ಕತ್ತು ನುಂಗಿ ಹೇಳುವುದರಲ್ಲಿದ್ದ. ಫಾರ್ಕರ್ ಇಲ್ಲಿನ ರೂಢಿ ತನಗೂ ತಿಳಿಯಿತೆಂಬ ಖುಷಿಯಲ್ಲಿ ನಕ್ಕು, 'ಹಾಗಾದ್ರೆ ಮುಂದಿನ ಪಿಟ್‌ಮೋರಿ ಅವರೇ ಅನ್ನಿ' ಎಂದ. ಅವನು ಅದೊಂದು ಮಾತು ಆಡದಿದ್ದರೆ. ಎಕ್ಕಿ ಎಷ್ಟೋ ಸಲ ತಪ್ಪನ್ನು ಆ ಹುಡುಗನ ನಗೆಯ ಮೇಲೆ ಹೊರಿಸಿ ನೋಡಿದ್ದಾನೆ, ಅದು ಅಲ್ಲಿ ನಿಲ್ಲುವುದಿಲ್ಲ. ಬಿಸ್ಕತ್ತು ನುಂಗಿದ ಮೇಲೆ ಅವನ ಬಾಯಿಂದ ಬೇರೆಯೇ ಮಾತು ಬಂತು, ಯಾವ ಅವಸರವೂ ಇಲ್ಲದೆ, ಬಹಳ ದಿನದಿಂದ ಒಟ್ಟಿಟ್ಟಿದ್ದಂತೆ. ಹೊರಗೆ ಬಂದಾಗ ವಾಟಿ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅಣ್ಣನ ಕೈಗೆ ಮೊದಲು ಕೊಟ್ಟು, 'ಹೇಳಿದ್ಯಾ?' ಎಂದ. 'ಹೇಳ್ದೆ' ಎಂದ ಎಕ್ಕಿ. ಆಮೇಲೆ ಒಂದು ವರ್ಷ ಗುಡ್ಡ ಖಾಲಿ ಬಿದ್ದಿತ್ತು. ಬೇರೆ ಯಾರೂ ಬಾರದಿದ್ದಕ್ಕೆ ಇಶ್‌ಬೆಲ್‌ಗೆ ಚಿಕ್ಕ ಅವಧಿಗೆ ಕೊಟ್ಟರು.

ಕುರಿಗಳು ಬಾಗಿಲ ಮುಂದಿನ ಇಳಿಜಾರಿನಲ್ಲಿ ಒಟ್ಟಾಗತೊಡಗಿದವು. ಹಿಂದಿನಿಂದ ಬೋಗ್‌ಸೈಡ್ ಬಂದ, ಏದುತ್ತ, ಹಳ್ಳ ದಾಟಿದವನ್ನು ತನ್ನ ನಾಯಿಗಳಿಂದ ಹಿಂದಕ್ಕೆ ತರಿಸಿಕೊಂಡು. ಇಶ್‌ಬೆಲ್ ಕೊನೆಯಲ್ಲಿ ಬಂದಳು, ಮೊಣಕಾಲಿನವರೆಗೆ ಕೆಸರು. ಅವಳು ಪಾರುಪತ್ತೇಗಾರನಿಗೆ ತಲೆಬಾಗಿಸಿ, ದೊಡ್ಡಪ್ಪನ ಕಡೆ ನೋಡಿದಳು. ಆ ನೋಟದಲ್ಲಿ ಬೇಡಿಕೆಯಿರಲಿಲ್ಲ, ಭರವಸೆಯಿತ್ತು. ಎಕ್ಕಿ ಕಣ್ಣು ತಪ್ಪಿಸಿದ.

'ನೋಡಿದೆ,' ಎಂದ ಫಾರ್ಕರ್ ಮೆಲ್ಲಗೆ. 'ಬಹಳಷ್ಟು ಹಳ್ಳ ದಾಟಿದವು.'

'ದಾಟಿದ್ದು ಹಳೇವು ಸರ್,' ಎಂದಳು ಇಶ್‌ಬೆಲ್. 'ಕೊಂಡು ತಂದವು.'

'ನನ್ನ ಹೊಲದ ಹುಲ್ಲು ರುಚಿಯಾಗಿದೆ, ಅದು ನನ್ನ ತಪ್ಪು ಬಿಡಿ,' ಎಂದ ಬೋಗ್‌ಸೈಡ್. 'ಪಿಟ್‌ಮೋರಿ, ನೀನು ಮೇಲಿಂದ ನೋಡ್ತಿದ್ಯಲ್ಲ. ಹೇಳಪ್ಪ.'

'ಹಿಡೀತವೆ,' ಎಂದ ಎಕ್ಕಿ. ದನಿ ಹೊಲಮನೆಯ ದನಿಯಾಗಿತ್ತು. ಅದು ಅವನಿಗೇ ಧೈರ್ಯ ಕೊಟ್ಟಿತು. 'ಮರಿಗಳನ್ನ ನೋಡಿ. ಇಲ್ಲೇ ಹುಟ್ಟಿದ ಹೆಣ್ಣುಮರಿ ಒಂದೂ ದಾಟಲಿಲ್ಲ. ದಂಡೆವರೆಗೆ ಹೋಗಿ ತಾವೇ ತಿರುಗಿದ್ವು, ನಾಯಿ ಇರ್ಲಿಲ್ಲ. ಇನ್ನೆರಡು ಮೂರು ವರ್ಷ ಕೊಡಿ. ಇವು ಮರಿ ಹಾಕಿದ್ರೆ ಗುಡ್ಡ ನಿಂತ ಹಾಗೇ.'

ಇಶ್‌ಬೆಲ್ ಮೂಗು ಒರೆಸಿಕೊಂಡಳು. ನಗು ತಡೆಯುತ್ತಿದ್ದಳು ಎಂದು ಕಾಣುತ್ತದೆ. ಫಾರ್ಕರ್ ಫೋನನ್ನು ಜೇಬಿಗಿಳಿಸಿ, ಸ್ವಲ್ಪ ಹೊತ್ತು ಕಾಲ ಬಳಿಯ ಕರಗಿದ ಕಲ್ಲನ್ನು ನೋಡುತ್ತ ನಿಂತ.

'ಮಿಸ್ಟರ್ ರೆನ್ನಿ, ನನಗೊಂದು ತೊಡಕಿದೆ. ನೀವು ಗೇಣಿ ಬಿಟ್ಟ ದಿನ ನಾನು ಇದೇ ಪ್ರಶ್ನೆ ಕೇಳಿದ್ದೆ. ಅದು ಹೆಂಗಸಿನ ಕೈಲಾಗೋ ಗುಡ್ಡ ಅಲ್ಲ, ಇನ್ನು ಯಾರ ಕೈಲೂ ಆಗಲ್ಲ, ಮರ ನೆಟ್ಕೊಳ್ಳಿ ಅಂದಿದ್ರಿ. ಸಸಿಯ ವಿಚಾರ ನಮ್ಮ ತಲೆಗೆ ಬಂದದ್ದೇ ಅಲ್ಲಿಂದ. ಈ ಗುಡ್ಡದ ಬಗ್ಗೆ ನಿಮಗಿಂತ ಹೆಚ್ಚು ಗೊತ್ತಿರೋರು ಯಾರಿದಾರೆ ಅಂತ ನಾನೇ ಧಣಿಗಳಿಗೆ ಹೇಳ್ದೆ.' ಅವನ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಬಯಸಿದ್ದ. 'ಅವತ್ತಿನ ಮಾತು ತಪ್ಪಾಗಿತ್ತಾ?'

ಗಾಳಿ ಕುರಿಗಳ ಬೆನ್ನಿನ ಉಣ್ಣೆಯನ್ನು ಬೈತಲೆ ತೆಗೆದಂತೆ ಸೀಳುತ್ತಿತ್ತು. ಬೋಗ್‌ಸೈಡ್ ತನ್ನ ನಾಯಿಯ ಕಿವಿಯನ್ನು ಬಹಳ ಗಮನವಿಟ್ಟು ಪರೀಕ್ಷಿಸತೊಡಗಿದ. ಎಕ್ಕಿಗೆ ಎಲ್ಲ ಸ್ಪಷ್ಟವಾಗಿತ್ತು. ಯಾವತ್ತೂ ಯಾವುದೂ ಇಷ್ಟು ಸ್ಪಷ್ಟವಾಗಿರಲಿಲ್ಲ. ಹೌದು ಅಂದರೆ ಸಾಕು. ಅವತ್ತು ನಾನು ಸುಳ್ಳು ಹೇಳಿದೆ, ನನ್ನ ನಂತರ ಯಾರೂ ಇರಬಾರದೆಂದು ಹೇಳಿದೆ, ಅದಕ್ಕೇ ಮಂದೆಯನ್ನೂ ಮಾರಿದೆ, ಇವತ್ತು ಕಂಡದ್ದನ್ನು ಹೇಳುತ್ತಿದ್ದೇನೆ. ಹುಡುಗ ನಂಬುತ್ತಿದ್ದ. ಮರ್ಯಾದೆ ಹೋಗುತ್ತಿತ್ತು, ಗುಡ್ಡ ಉಳಿಯುತ್ತಿತ್ತು. ಮಾತು ನಾಲಿಗೆಯ ಬುಡದವರೆಗೂ ಬಂದಿತ್ತು. ಅದರ ತೂಕ ಅವನಿಗೆ ತಿಳಿಯುತ್ತಿತ್ತು. ಬೋಗ್‌ಸೈಡ್ ಇದ್ದಾನೆ, ನಾಳೆ ಸಂತೆಯಲ್ಲಿ ಹೇಳುತ್ತಾನೆ, ಹೇಳದೆ ಇರಲಾರ. ಪಿಟ್‌ಮೋರಿ ಸುಳ್ಳು ಹೇಳಿದನಂತೆ. ತನಗೆ ಉಳಿದಿರುವುದು ಅದೊಂದೇ, ಇನ್ನೊಬ್ಬರ ಬಾಯಲ್ಲಿರುವ ಆ ಹೆಸರು.

'ಅವತ್ತು... ಅವತ್ತು ಪರಿಸ್ಥಿತಿ ಬೇರೆ ಇತ್ತು,' ಎಂದ ಎಕ್ಕಿ. 'ಚಳಿಗಾಲ ಕೆಟ್ಟದಾಗಿತ್ತು. ಕುರಿ ಧಾರಣೆ ಬಿದ್ದಿತ್ತು. ಅವತ್ತಿಗೆ ಅದು ಸರಿ, ಇವತ್ತಿಗೆ ಇದು.'

ಫಾರ್ಕರ್ ತಲೆಯಾಡಿಸಿದ. ಮುಖದಲ್ಲಿ ಒಂದು ಮೆದು ನಗೆ ಬಂತು. ವಯಸ್ಸಾದವರಿಗೆ ದಾರಿ ಬಿಡುವಾಗ ಬರುವಂಥದ್ದು. 'ಅರ್ಥವಾಗುತ್ತೆ. ಸ್ವಂತ ತಮ್ಮನ ಮಗಳು. ನಾನಾದ್ರೂ ಹಾಗೇ ಹೇಳ್ತಿದ್ದೆ. ನಿಮ್ಮ ಪ್ರೀತಿ ದೊಡ್ಡದು, ಮಿಸ್ಟರ್ ರೆನ್ನಿ.' ಇಶ್‌ಬೆಲ್‌ಳ ಕಡೆ ತಿರುಗಿ, 'ಸಸಿ ನೆಡೋಕೆ ಬರುವ ವಸಂತದವರೆಗೂ ಏನೂ ಅವಸರವಿಲ್ಲ. ಕೆಳಗಿನ ಹೊಲಗಳು ನಿಮಗೇ ಇರ್ತವೆ' ಎಂದ.

ಎಕ್ಕಿ ಅವನ ನಗೆಗೆ ನಗೆ ಕೊಟ್ಟ. ಕೊಟ್ಟ ಮೇಲೆ ತನ್ನ ಮುಖದ ಮೇಲೆ ಅದು ಇರುವುದು ಗೊತ್ತಾಯಿತು. ಆಫೀಸಿನ ಸುಳ್ಳು ಜಾಣನ ಮಾತಾಗಿ ಉಳಿಯಿತು, ಗುಡ್ಡದ ಮೇಲಿನ ನಿಜ ಮುದುಕನ ಮಮತೆಯಾಯಿತು. ಅದನ್ನು ಅವನು ಬೇಡವೆನ್ನಲಿಲ್ಲ. ಪ್ರೀತಿಯುಳ್ಳವನೆಂದು ಕರೆಸಿಕೊಂಡು ನಿಂತಿದ್ದ, ಅವಳ ಎದುರಿಗೇ.

ಇಶ್‌ಬೆಲ್ ಸಿಳ್ಳು ಹಾಕಿದಳು. ನಾಯಿ ಮಂದೆಯ ಹಿಂದೆ ಅರ್ಧಚಂದ್ರ ಬರೆಯಿತು, ಕುರಿಗಳು ಇಳಿದವು. ಇಳಿಯುವಾಗ ಅವಳು ತನ್ನ ಹೆಜ್ಜೆಯನ್ನು ಅವನ ಹೆಜ್ಜೆಗೆ ನಿಧಾನಿಸಿಕೊಂಡಳು. ಬೋಗ್‌ಸೈಡ್ ಮುಂದೆ ಹೋಗಿಬಿಟ್ಟಿದ್ದ. ಅವಳು ಬೈಯಬಹುದೆಂದು ಎಕ್ಕಿ ಕಾದ. ಬೈದರೆ ಒಳ್ಳೆಯದಿತ್ತು.

'ಅಪ್ಪನಿಗೆ ಗೊತ್ತಿತ್ತಾ?'

'ಏನು?'

'ನೀನು ಆಫೀಸಲ್ಲಿ ಹೇಳಿದ್ದು.'

'ಇಲ್ಲ. ಅವನು ಹೊರಗೆ ಗಾಡೀಲಿದ್ದ. ಗೊತ್ತಿರ್ಲಿಲ್ಲ.'

'ಸದ್ಯ,' ಎಂದಳು. ಸ್ವಲ್ಪ ದೂರ ನಡೆದ ಮೇಲೆ, 'ನೀನು ನನ್ನ ಪರವಾಗಿ ಹೇಳ್ದೆ ಅಂತ ಅವನು ಆಸ್ಪತ್ರೆಯಲ್ಲಿ ನರ್ಸಿಗೂ ಹೇಳ್ತಿದ್ದ. ನಮ್ಮಣ್ಣ ಹಂಗೆ ಹಿಂಗೆ ಅಂತ' ಎಂದಳು. ಮತ್ತೆ ಮುಂದೆ ಹೋದಳು.

ಅಂಗಳದ ದೊಡ್ಡಿಯಲ್ಲಿ ಕುರಿ ಬೇರ್ಪಡಿಸುವ ಕೆಲಸ ಬಾಕಿಯಿತ್ತು. ಕಿರಿದಾದ ಓಣಿಯಲ್ಲಿ ಮರಿಗಳನ್ನು ಒಂದೊಂದಾಗಿ ಬಿಟ್ಟು, ತುದಿಯ ಬಾಗಿಲನ್ನು ಆಚೀಚೆ ತಳ್ಳಿ, ಗುಡ್ಡಕ್ಕೆ ಉಳಿಸಿಕೊಳ್ಳುವ ಹೆಣ್ಣುಮರಿಗಳನ್ನು ಎಡದ ದೊಡ್ಡಿಗೆ, ಮಾರುವವನ್ನು ಬಲದ ದೊಡ್ಡಿಗೆ ಕಳಿಸಬೇಕು. ಬಾಗಿಲ ಬಳಿ ನಿಂತವನಿಗೆ ಕೈ ಚುರುಕಿರಬೇಕು, ಕಾಲು ಬೇಕಾಗಿಲ್ಲ. ಇಶ್‌ಬೆಲ್ ಸುತ್ತ ನೋಡಿ, 'ದೊಡ್ಡಪ್ಪ, ಬಾಗಿಲಿಗೆ ನಿಲ್ಲು' ಎಂದಳು, ಬೇರೆ ಯಾರಿಗಾದರೂ ಹೇಳುವ ಹಾಗೆ. ಎಕ್ಕಿ ಹೋಗಿ ನಿಂತ. ಹಲಗೆ ಕೈಗೆ ತಣ್ಣಗಿತ್ತು.

ಗಂಡುಮರಿಗಳೆಲ್ಲ ಬಲಕ್ಕೆ ಹೋದವು. ಆಮೇಲೆ ಮೊದಲ ಹೆಣ್ಣುಮರಿ ಬಂತು, ಹೆದರ್ ಕಡ್ಡಿ ಉಣ್ಣೆಗೆ ಸಿಕ್ಕಿಸಿಕೊಂಡು. ಅವನ ಕೈ ಅಭ್ಯಾಸದಿಂದ ಬಾಗಿಲನ್ನು ಎಡಕ್ಕೆ ತೆರೆಯಹೊರಟಿತ್ತು.

'ಬಲಕ್ಕೆ,' ಎಂದಳು ಇಶ್‌ಬೆಲ್.

ಅವನು ಅವಳನ್ನು ನೋಡಿದ. ಅವಳು ಮರಿಯನ್ನು ನೋಡುತ್ತಿದ್ದಳು. ಬಲಕ್ಕೆ ತಳ್ಳಿದ. ಇನ್ನೊಂದು ಬಂತು. ಬಲಕ್ಕೆ. ಇನ್ನೊಂದು. ಬೋಗ್‌ಸೈಡ್ ಓಣಿಯ ಹಿಂದಿನಿಂದ, 'ಇವನ್ನೂ ಕೊಡ್ತೀಯೇನೇ?' ಎಂದ. ಮರ ನೆಡುವ ಗುಡ್ಡಕ್ಕೆ ಕಲಿತ ಕುರಿ ಬೇಕಾಗಿರಲಿಲ್ಲ. ಲೆಕ್ಕ ಸರಿಯಾಗಿತ್ತು, ಅವಳ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡಬೇಕಾಗಿತ್ತು. ಬಲಕ್ಕೆ, ಬಲಕ್ಕೆ. ಎಕ್ಕಿಯ ಕೈಗೆ ಲಯ ಹತ್ತಿತು. ಹಳ್ಳದ ದಂಡೆಯಿಂದ ತಾವಾಗಿಯೇ ತಿರುಗಿ ಬಂದವುಗಳು ಒಂದೊಂದಾಗಿ ಅವನ ಮೊಣಕಾಲಿಗೆ ಉಜ್ಜಿಕೊಂಡು ಸಂತೆಯ ದೊಡ್ಡಿಗೆ ಹೋಗುತ್ತಿದ್ದವು. ಬಾಯಲ್ಲಿ ಹೇಳಲಾಗದ್ದನ್ನು ಕೈಯಾದರೂ ಹೇಳಬೇಕೆಂದು ಅನ್ನಿಸಿತೋ, ಇಲ್ಲ ಕೈಯೇ ತಪ್ಪಿತೋ, ಒಂದು ಮರಿ ಬಂದಾಗ ಅವನು ಬಾಗಿಲನ್ನು ಎಡಕ್ಕೆ ತೆಗೆದ.

ಮರಿ ಖಾಲಿ ದೊಡ್ಡಿಯ ನಡುವೆ ಹೋಗಿ ನಿಂತಿತು. ಸುತ್ತ ತಿರುಗಿ ನೋಡಿ ಕೂಗಿತು. ಬಲದ ದೊಡ್ಡಿಯಿಂದ ಹತ್ತಾರು ಮರಿಗಳು ಉತ್ತರ ಕೊಟ್ಟವು. ಅದು ಓಡಿ ಬಂದು ನಡುವಿನ ಬೇಲಿಗೆ ಎದೆ ಹೊಡೆದುಕೊಂಡಿತು, ಹಿಂದೆ ಹೋಗಿ ಮತ್ತೆ ಹೊಡೆದುಕೊಂಡಿತು. ಇಶ್‌ಬೆಲ್ ಬೇಲಿ ಹಾರಿ ಹೋಗಿ, ಅದರ ಗಲ್ಲದ ಕೆಳಗೆ ಕೈಕೊಟ್ಟು ಹಿಡಿದು, ಸಿಕ್ಕಿದ್ದ ಹೆದರ್ ಕಡ್ಡಿಯನ್ನು ಬಿಡಿಸಿ ಎಸೆದು, ಅಡ್ಡಹಲಗೆ ಸರಿಸಿ ಆಚೆಗೆ ಬಿಟ್ಟಳು.

'ಒಂದೇ ನಿಲ್ಲಲ್ಲ, ದೊಡ್ಡಪ್ಪ,' ಎಂದಳು. ಸಿಟ್ಟಿರಲಿಲ್ಲ. 'ಇನ್ನೂ ಇದಾವೆ. ಬಿಡು.'

ಓಣಿಯಲ್ಲಿ ಮುಂದಿನ ಮರಿ ಆಗಲೇ ಬಂದು ಹಲಗೆಗೆ ಮೂಗು ಒತ್ತಿ ನಿಂತಿತ್ತು. ಎಕ್ಕಿ ಬಾಗಿಲನ್ನು ಬಲಕ್ಕೆ ತಳ್ಳಿದ.